ಯಾರನ್ನೂ ದಾರಿಯಲ್ಲಿ ಬಿಡದ ಶಿವರಾಮು

“ಕೆಮ್ಮಿ ಕೆಮ್ಮಿ ನಿಂತ್ರೆ ಪೆಟ್ರೋಲ್ ತೊಂದ್ರೆ ಅನ್ಬೋದು ದೊಡ್ಡವ್ವ. ಇದು ಕೆಮ್ಮಲ್ಲ. ಎಳೀತಾ ಎಳೀತಾ ನಿಂತ್ರೆ ಎಂಜಿನ್ ಸವೆದೋಗದೆ ಅನ್ಬೋದು. ಇದು ಅಂಗೂ ಮಾಡಲ್ಲ. ಚೆಂದಾಗಿ ಓಡ್ತಿರ್ತದೆ, ಯಾರೋ ಪಕ್ಕದಲ್ಲಿ ಕುಂತು ಲೈಟ್ ಆರಿಸ್ದಂಗೆ ಟಕ್ ಅಂತ ಆರೋಯ್ತದೆ. ನಾನು ಇಳೀತೀನಿ, ಡಿಕ್ಕಿ ತೆಗೀತೀನಿ, ನೀರು ತಕ್ಕಂಡು ಬಟ್ಟೆ ನೆನೆಸಿ ಕಾಯಿಲ್‌ಗೆ ಸುತ್ತೀನಿ, ಒಂದು ಬೀಡಿ ಸೇದೋವಷ್ಟೊತ್ತು ಕಾಯ್ತೀನಿ. ಆಮೇಲೆ ಕೀ ಆಕಿ ತಿರುವಿದ್ರೆ ಏನೂ ಆಗೇ ಇಲ್ಲ ಅನ್ನಂಗೆ ಸ್ಟಾರ್ಟ್ ಆಯ್ತದೆ. ಪ್ಲಗ್ ಬಿಚ್ಚಿ ನೋಡಿದ್ರೆ ಕಿಡಿ ಅದೆ, ನೀಲಿ ಕಿಡಿ, ಜೋರಾಗೇ ಬತ್ತದೆ. ಕಿಡಿ ಇದ್ಮೇಲೆ ಯಾಕ್ ನಿಂತ್ಕಂತು? ನಾಗರಾಜನ ಗ್ಯಾರೇಜಲ್ಲಿ ದಿನಗಟ್ಲೆ ಬುಟ್ರೂ ಒಂದ್ಸಲ ನಿಲ್ಲಲ್ಲ. ಅವನು ನನ್ ಮೊಕ ನೋಡ್ತಾನೆ, ಇವನಿಗೇ ಏನಾರ ಆಗದಾ ಅಂತ. ನಂಗೂ ಅಂಗೇ ಅನ್ಸಕ್ಕೆ ಸುರುವಾಗದೆ. ನಮ್ಮಪ್ಪ ಈ ಗಾಡಿ ತಂದಾಗ್ಲಿಂದ ಇದ್ರಲ್ಲಿ ಕುಂತೋರ್ನ ಒಬ್ರುನ್ನೂ ದಾರೀಲಿ ಬುಟ್ಟೋರಲ್ಲ ನಾವು. ಈಗ ಚಿಕ್ಕವ್ವನ್ನ ಇಂಗೆ ರೋಡ್ ಮಗ್ಗುಲಲ್ಲಿ ಮಲಗಿಸ್ಕಂಡು ಕುಂತಿವ್ನಿ. ಇನ್ಯಾವ ಮೊಕ ಇಟ್ಕಂಡು ಗಾಡಿ ಓಡಿಸ್ಲಿ ಏಳು.”

ಶಿವರಾಮು ಇಷ್ಟನ್ನೂ ಹೇಳಿದ್ದು ಕೆ.ಎಂ. ದೊಡ್ಡಿ ದಾಟಿದ ಮೇಲೆ, ಮದ್ದೂರಿನ ರಸ್ತೆಯಲ್ಲಿ, ಕಬ್ಬಿನ ಗದ್ದೆಯ ಬದಿಯಲ್ಲಿ ನಿಂತುಕೊಂಡು. ಕೈಯಲ್ಲಿ ಒದ್ದೆ ಬಟ್ಟೆ, ಹಣೆಯ ಮೇಲೆ ಮಸಿ. ಹಿಂದಿನ ಸೀಟಿನಲ್ಲಿ ನನ್ನ ತಂಗಿ ಚಲುವಮ್ಮ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಅವಳ ಕಿಡ್ನಿ ಎರಡೂ ಹೋಗಿದ್ದವು. ವಾರಕ್ಕೆರಡು ಸಲ ಮಂಡ್ಯಕ್ಕೆ ಹೋಗಿ ಯಂತ್ರಕ್ಕೆ ರಕ್ತ ಕೊಟ್ಟು ತೊಳೆಸಿಕೊಂಡು ಬರಬೇಕಿತ್ತು. ಅಲ್ಲಿ ಬೆಳಗಿನ ಸರದಿ ಅವಳದು. ತಡವಾಗಿ ಹೋದರೆ ಅಷ್ಟು ಹೊತ್ತು ಕಡಿಮೆ ಮಲಗಿಸುತ್ತಾರೆ, ಇನ್ನೂ ತಡವಾದರೆ ಮುಂದಿನವರು ಮಲಗಿಬಿಡುತ್ತಾರೆ. ಆಸ್ಪತ್ರೆಯವರನ್ನು ಅನ್ನುವ ಹಾಗಿಲ್ಲ. ಆ ಮುಂದಿನವರೂ ನಮ್ಮಂತೆಯೇ ಎಲ್ಲಿಂದಲೋ ಬಂದು ಕಾಯುತ್ತಾ ಕೂತವರು.

ನಾವಿಬ್ಬರೂ ಅಕ್ಕತಂಗಿಯರು ಒಂದೇ ಮನೆಗೆ ಸೊಸೆಯರಾಗಿ ಬಂದವರು. ನಮ್ಮದು ಮಳವಳ್ಳಿ ತಾಲೂಕು, ಬಂಡೂರಿನ ಕಡೆಯ ಒಂದು ಸಣ್ಣ ಊರು. ಶಿವರಾಮು ನಮ್ಮ ದಾಯಾದಿಯ ಮಗ, ನಮ್ಮ ಮನೆಗೂ ಅವನ ಮನೆಗೂ ನಡುವೆ ಒಂದು ಗೋಡೆ. ಬಸ್ಸು ಹತ್ತುವ ಶಕ್ತಿ ಚಲುವಮ್ಮನಿಗೆ ಇರಲಿಲ್ಲ. ಈಗಿನ ಸಣ್ಣ ಕಾರುಗಳಲ್ಲಿ ಕಾಲು ಮಡಚಿ ಕೂತರೆ ಹೊಟ್ಟೆಯೆಲ್ಲ ಒತ್ತಿ ಉಸಿರು ಕಟ್ಟುತ್ತಿತ್ತು. ಶಿವರಾಮುವಿನ ಹಳೆಯ ಅಂಬಾಸಿಡರ್ ಕಾರಿನ ಹಿಂದಿನ ಸೀಟು ಮಂಚದಂತಿತ್ತು. ಪೆಟ್ರೋಲು ಹಾಕಿಸಿದರೆ ಸಾಕು, ಅದಕ್ಕಿಂತ ಹೆಚ್ಚು ಅವನು ಕೈಚಾಚಲಿಲ್ಲ.

ಆ ಕಾರು ಬಂದ ಕಥೆ ನಮ್ಮ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ಅವನ ಅಪ್ಪ ಕೆಂಪಸಿದ್ದಯ್ಯ ಸಕ್ಕರೆ ಕಾರ್ಖಾನೆಯಲ್ಲಿ ಜೀಪು ಓಡಿಸುತ್ತಿದ್ದ. ಕೆಲಸ ಬಿಡುವ ಹೊತ್ತಿಗೆ ಮಂಡ್ಯದ ಯಾರೋ ವಕೀಲರು ಓಡಿಸಿ ಬಿಟ್ಟಿದ್ದ ಈ ಪೆಟ್ರೋಲ್ ಗಾಡಿಯನ್ನು ತಂದ. ಅದುವರೆಗೆ ನಮ್ಮ ಬೀದಿಯ ಮದುಮಕ್ಕಳು ಮೇಲಿನ ಬೀದಿಯನ್ನು ನಡೆದೇ ದಾಟುತ್ತಿದ್ದರು, ಅದೂ ಸದ್ದಿಲ್ಲದೆ. ಕೆಂಪಸಿದ್ದಯ್ಯ ಮೊದಲನೇ ಮದುಮಗನನ್ನು ಹಿಂದೆ ಕೂರಿಸಿಕೊಂಡು, ಎತ್ತಿನ ಗಾಡಿಗಿಂತ ನಿಧಾನವಾಗಿ, ಆ ತುದಿಯಿಂದ ಈ ತುದಿಯವರೆಗೆ ಹಾರನ್ ಒತ್ತಿಕೊಂಡೇ ಹೋದ. ಜಗಲಿ ಮೇಲಿದ್ದವರು ಎದ್ದು ಒಳಗೆ ಹೋದರು. ಹೋಗಲಿ ಬಿಡಿ, ಅವನು ಹಾರನ್ ಮೇಲಿನ ಕೈ ತೆಗೆಯಲಿಲ್ಲ. ನಮ್ಮ ಚಲುವಮ್ಮ ಅದನ್ನು ನೋಡಿ ಬಂದು, “ಅಕ್ಕ, ಕೆಂಪಸಿದ್ದಯ್ಯ ಭಾವನ ಕಾರಲ್ಲಿ ಕುಂತ್ಕಳಕ್ಕಾದ್ರೂ ಇನ್ನೊಂದ್ ಮದ್ವೆ ಆಯ್ತೀನಿ ಕಣೆ” ಎಂದು ಗಂಡನ ಮುಂದೆಯೇ ಹೇಳಿ ನಗಿಸಿದ್ದಳು.

ಶಿವರಾಮು ಆ ಗಾಡಿಯನ್ನು ಒರೆಸಿಕೊಂಡೇ ಬೆಳೆದವನು. ಹತ್ತನೇ ಕ್ಲಾಸು ದಾಟಲಿಲ್ಲ. ಅಪ್ಪನ ಕೈ ನಡುಗತೊಡಗಿದಾಗ ಸ್ಟೇರಿಂಗು ಹಿಡಿದ. ಅಪ್ಪ ಅವನಿಗೆ ಹೇಳಿಕೊಟ್ಟಿದ್ದು ಒಂದೇ ಮಾತು: ಕೂತವರನ್ನು ಮುಟ್ಟಿಸಬೇಕು. ಒಂದು ಮಳೆಗಾಲ ಬಸಿರಿ ಹೆಂಗಸನ್ನು ಮಳವಳ್ಳಿಗೆ ಕರೆದೊಯ್ಯುವಾಗ ಟೈರು ಒಡೆಯಿತು. ಬದಲಿ ಚಕ್ರದಲ್ಲೂ ಗಾಳಿಯಿರಲಿಲ್ಲ. ಅವನು ಇಳಿಯಲೇ ಇಲ್ಲ, ಬರೀ ಕಬ್ಬಿಣದ ಮೇಲೆ ಗಡಗಡ ಓಡಿಸಿಕೊಂಡು ಆಸ್ಪತ್ರೆ ಬಾಗಿಲಿಗೆ ನಿಲ್ಲಿಸಿದ. ಆಮೇಲೆ ಮದುವೆಗಳಿಗೆ ಹೊಸ ಬಿಳಿ ಕಾರುಗಳು ಬಂದವು, ಹುಡುಗರು ಇದನ್ನು ಡಬ್ಬ ಎಂದರು. ಆದರೆ ಕಾಯಿಲೆ ಬಿದ್ದವರು ಮಾತ್ರ ಶಿವರಾಮು ಇದ್ದಾನಾ ಎಂದು ಕೇಳಿಕೊಂಡು ಬರುತ್ತಿದ್ದರು. ನಂಬಿ ಬಂದವರನ್ನು ದಾರಿಯಲ್ಲಿ ಬಿಡುವುದಿಲ್ಲ ಎಂಬ ಆ ಒಂದು ಹೆಸರು ಬಿಟ್ಟರೆ ಅವನ ಹತ್ತಿರ ಬೇರೇನೂ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಅಂಥವನ ಕಾರು ಹೋದ ವರ್ಷ ಆಯುಧಪೂಜೆ ಕಳೆದ ಮೇಲೆ ನಿಲ್ಲತೊಡಗಿತು. ಮೊದಮೊದಲು ತಿಂಗಳಿಗೊಮ್ಮೆ, ಆಮೇಲೆ ವಾರಕ್ಕೊಮ್ಮೆ. ಮದ್ದೂರಿನ ಗ್ಯಾರೇಜಿನ ನಾಗರಾಜು ಅವನ ಜೊತೆಯಲ್ಲಿ ಓದಿದವನು. ಚಲುವಮ್ಮನನ್ನು ಮಂಡ್ಯದಿಂದ ಕರೆತರುವಾಗ ಅವನ ಹತ್ತಿರ ನಿಲ್ಲಿಸುತ್ತಿದ್ದೆವು.

“ಏನ್ಲಾ, ಮತ್ತೆ ನಿಂತ್ಕಂತಾ? ನನ್ ಮುಂದೆ ಒಂದ್ ಕಿತ ನಿಲ್ಸ್ ನೋಡನ,” ಎನ್ನುತ್ತಿದ್ದ ನಾಗರಾಜು.

“ನಿಲ್ಲು ಅಂದ್ರೆ ನಿಂತದಾ? ನಿನ್ ಮುಂದೆ ಮದ್ವೆ ಎಣ್ಣಿನಂಗೆ ಇರ್ತದೆ.”

“ಕಾಯಿಲ್ ಬಿಸಿಯಾಗಿ ಕರೆಂಟ್ ಕೊಡ್ತಿಲ್ಲ ಕಣ್ಲಾ. ಒದ್ದೆ ಬಟ್ಟೆ ಸುತ್ತಿದ್ರೆ ಸ್ಟಾರ್ಟ್ ಆಯ್ತದೆ ಅಂತೀಯಲ್ಲ, ಅದೇಯ.”

ಕಾಯಿಲ್ ಎಂದರೆ ಬ್ಯಾಟರಿಯ ಕರೆಂಟನ್ನು ಜೋರು ಮಾಡಿ ಪ್ಲಗ್ಗಿಗೆ ಕಳಿಸುವ ಡಬ್ಬಿಯಂತೆ. ಅದನ್ನು ಬದಲಾಯಿಸಿದರು. ಮುಂದಿನ ವಾರ ಮತ್ತೆ ನಿಂತಿತು. ಪಾಯಿಂಟ್ ಬದಲಾಯಿಸಿದರು, ವೈರು ಬದಲಾಯಿಸಿದರು, ಪ್ಲಗ್ ನಾಲ್ಕೂ ಹೊಸದು ಹಾಕಿದರು. ಪ್ರತಿಸಲವೂ ನಾಗರಾಜು ಹೆದ್ದಾರಿಯಲ್ಲಿ ತಾನೇ ಓಡಿಸಿಕೊಂಡು ಹೋಗಿ ಬಂದು ಕೀಲಿ ಕೊಟ್ಟು, “ಬೆಣ್ಣೆ ಇದ್ದಂಗದೆ, ಓಗು” ಎನ್ನುತ್ತಿದ್ದ.

ಶಿವರಾಮುವಿನ ಹೆಂಡತಿ ರಂಜಿತ ಗಾರ್ಮೆಂಟ್ಸಿಗೆ ಹೋಗುವವಳು, ಮಾತು ಕಡಿಮೆ. ಗಂಡ ಊಟ ಬಿಟ್ಟು ಕಾರಿನ ಮುಂದೆ ಕೂರುವುದನ್ನು ಅವಳು ನೋಡಲಾರದೆ ಹೋದಳು. ಆಯುಧಪೂಜೆಯಲ್ಲಿ ಮಾದೇಶ್ವರನ ಬೆಟ್ಟದಿಂದ ತಂದ ಹಿತ್ತಾಳೆ ಗಂಟೆಯೊಂದನ್ನು ಕಾರಿನ ಕೀಲಿಗೆ ಕಟ್ಟಿದ್ದಳು. ಕಾರು ನಿಂತ ಮೇಲೆ ತಾಮ್ರದ ತಾಯತ ಸೇರಿಸಿದಳು. ಮತ್ತೆ ನಿಂತಿತು. ಮಂಟೇಸ್ವಾಮಿ ಗದ್ದುಗೆಯಲ್ಲಿ ಪೂಜೆ ಮಾಡಿಸಿ ಕಬ್ಬಿಣದ ಸಣ್ಣ ತ್ರಿಶೂಲ ತಂದಳು. ಮತ್ತೆ ನಿಂತಿತು. ಯಾರೋ ಕಣ್ಣು ಹಾಕಿದ್ದಾರೆ ಎಂದು ಕವಡೆ ಸರ, ದೃಷ್ಟಿಗೆ ಒಂದು ಲಾಳ. ಕಡೆಗೆ ಅದು ಒಂದು ಹಿಡಿಯಷ್ಟು ಗೊಂಚಲಾಗಿ ಸ್ಟೇರಿಂಗಿನ ಪಕ್ಕ ನೇತಾಡುತ್ತಿತ್ತು. ಹಂಪು ಹಾರಿದಾಗಲೆಲ್ಲ ಝಣ್ ಎನ್ನುತ್ತಿತ್ತು. ಗ್ಯಾರೇಜಿಗೆ ಬಿಡುವಾಗ ಮಾತ್ರ ಶಿವರಾಮು ದೇವರ ಸಾಮಾನೆಲ್ಲ ಬಿಚ್ಚಿ ಜೇಬಿಗೆ ಹಾಕಿಕೊಂಡು ಬರಿ ಕೀಲಿ ಕೊಡುತ್ತಿದ್ದ. ಅಲ್ಲಿ ಎಣ್ಣೆ ಕೈ, ಎಂಜಲು ಕೈ, ಯಾರ್ಯಾರೋ ಮುಟ್ಟುತ್ತಾರೆ, ಮೈಲಿಗೆಯಾಗಬಾರದು ಎಂದು ರಂಜಿತ ಕಟ್ಟುನಿಟ್ಟು ಮಾಡಿದ್ದಳು.

“ಬ್ಯಾರೆ ಕಾರ್ ಮಾಡ್ಕಳ್ಳಿ ದೊಡ್ಡವ್ವ. ನನ್ನ ನಂಬ್ಬೇಡಿ,” ಎಂದು ಅವನೇ ಬಂದು ಹೇಳಿದ ಒಂದು ದಿನ. ಹೇಳುವಾಗ ಅವನ ಕಣ್ಣು ನೆಲದ ಮೇಲಿತ್ತು.

ಚಲುವಮ್ಮ ಮಲಗಿದ್ದಲ್ಲಿಂದಲೇ, “ಲೋ ಸಿವ್ರಾಮು, ನಿನ್ ಕಾರಿಗೂ ನಂಗೂ ಒಂದೇ ಕಾಯ್ಲೆ ಕಣ್ಲಾ. ಒಳಗೇನಾಗದೆ ಅಂತ ಯಾವ ನನ್ಮಗನಿಗೂ ತಿಳೀದು. ಒಟ್ಟಿಗೇ ಓಗನ ಬುಡು,” ಎಂದಳು.

“ಅಂಗನ್ಬೇಡ ಚಿಕ್ಕವ್ವ.”

“ಇನ್ನೇನನ್ಲಿ? ಆ ಇಲಿ ಬೋನಿನಂಥ ಕಾರಲ್ಲಿ ಮಡ್ಚಾಕ್ಬುಟ್ರೆ ಮಂಡ್ಯ ಮುಟ್ಟೋ ಮುಂಚೆ ಸಾಯ್ತೀನಿ. ನೀನೇ ಕರ್ಕೊಂಡೋಗು. ನಿಂತ್ರೆ ನಿಲ್ಲಲಿ, ಕಬ್ಬಿನ್ ಗದ್ದೆ ಗಾಳಿಯಾರ ಬತ್ತದೆ.”

ಅವನು ಅಳುತ್ತಾ ನಕ್ಕ. ನಾನೂ ನಕ್ಕೆ. ಬೇರೆ ಕಾರು ಮಾಡಲಿಲ್ಲ.

ಸಂಕ್ರಾಂತಿ ಮುಗಿದ ವಾರ. ಮಂಡ್ಯಕ್ಕೆ ಹೊರಟ ದಿನ ಕಾರು ಮೂರು ಕಡೆ ನಿಂತಿತು. ನಾವು ಮಂಡ್ಯ ಮುಟ್ಟುವ ಹೊತ್ತಿಗೆ ಚಲುವಮ್ಮನ ಜಾಗದಲ್ಲಿ ಇನ್ನೊಬ್ಬರು ಮಲಗಿದ್ದರು. ನಾಳೆ ಬೆಳಿಗ್ಗೆ ಮೊದಲು ನಿಮ್ಮನ್ನೇ ಹಾಕಿಕೊಳ್ಳುತ್ತೇವೆ ಎಂದು ನರ್ಸಮ್ಮ ಸಮಾಧಾನ ಹೇಳಿದಳು. ವಾಪಸು ಬಂದೆವು. ಬೆಳಗಾಗುವಾಗ ಚಲುವಮ್ಮನ ಮುಖ ಊದಿತ್ತು, ಉಸಿರು ಗೊರಗೊರ ಎನ್ನುತ್ತಿತ್ತು. ಶಿವರಾಮು ನಮಗಿಂತ ಮುಂಚೆ ಎದ್ದು ಸಿದ್ಧವಾಗಿದ್ದ. ನಿಂತರೆ ಒಂದು ಗಳಿಗೆಯೂ ಹಾಳಾಗಬಾರದೆಂದು ನೀರಿನ ಕ್ಯಾನು, ಬಟ್ಟೆ, ಸ್ಪ್ಯಾನರು ಎಲ್ಲವನ್ನೂ ಡಿಕ್ಕಿಯಿಂದ ತೆಗೆದು ಮುಂದಿನ ಸೀಟಿನ ಮೇಲೆ ತನ್ನ ಪಕ್ಕದಲ್ಲೇ ಇಟ್ಟುಕೊಂಡಿದ್ದ.

ಕೆ.ಎಂ. ದೊಡ್ಡಿಗೆ ಇನ್ನೂ ಸ್ವಲ್ಪ ದೂರವಿರುವಾಗ, ಕಬ್ಬಿನ ಟ್ರ್ಯಾಕ್ಟರುಗಳು ಹಾಳು ಮಾಡಿದ ರಸ್ತೆಯಲ್ಲಿ ಕಾರು ನಿಂತಿತು. ಅವನು ಹಾರಿ ಇಳಿದ, ಬಟ್ಟೆ ಸುತ್ತಿದ, ನೀರು ಹೊಯ್ದ, ಬಂದು ಕೀಲಿ ತಿರುಗಿಸಿದ. ಎಂಜಿನ್ನು ರ್ರ್ ರ್ರ್ ಎಂದು ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ. ಮತ್ತೆ ಇಳಿದ, ಮತ್ತೆ ನೀರು. ಮತ್ತೆ ಕೀಲಿ. ಯಾವತ್ತೂ ಇಷ್ಟು ಹೊತ್ತು ಹಠ ಹಿಡಿದಿರಲಿಲ್ಲ. ತಿರುಗಿಸಿ ತಿರುಗಿಸಿ ಬ್ಯಾಟರಿಯೂ ಸೋತಿತು. “ನಿನ್ ಕಾಲಿಗ್ ಬೀಳ್ತೀನಿ, ಇವತ್ತೊಂದಿನ, ಇವತ್ತೊಂದಿನ” ಎಂದು ಅವನು ಸ್ಟೇರಿಂಗಿಗೆ ತಲೆ ಬಡಿಯುತ್ತಿದ್ದ. ಆಮೇಲೆ ರಸ್ತೆಗೆ ಓಡಿ, ಬಂದ ಗಾಡಿಗೆಲ್ಲ ಕೈ ಅಡ್ಡ ಹಾಕಿದ. ಯಾರೋ ಅಂಬುಲೆನ್ಸಿಗೆ ಫೋನು ಮಾಡಿದರು. ಅದು ಬಂತು, ತಡವೇನೂ ಮಾಡಲಿಲ್ಲ. ಅದರಲ್ಲಿ ನಾನು, ಚಲುವಮ್ಮ ಹೋದೆವು. ಹಿಂದಿನ ಗಾಜಿನಲ್ಲಿ ಶಿವರಾಮು ರಸ್ತೆ ನಡುವೆ ಒದ್ದೆ ಬಟ್ಟೆ ಹಿಡಿದು ನಿಂತಿದ್ದು ಕಾಣುತ್ತಿತ್ತು. ಮದ್ದೂರು ದಾಟಿದ ಮೇಲೆ ನನ್ನ ತಂಗಿಯ ಕೈ ನನ್ನ ಕೈಯಲ್ಲಿ ಸಡಿಲವಾಯಿತು.

ಹೃದಯ ಮೊದಲೇ ಸೋತಿತ್ತು, ಆ ದಿನ ಅಲ್ಲದಿದ್ದರೆ ಇನ್ನೊಂದು ದಿನ ಎಂದು ಡಾಕ್ಟರು ಹೇಳಿದರು. ನಾನು ಅದನ್ನು ಶಿವರಾಮುವಿಗೆ ಎಷ್ಟು ಸಲ ಹೇಳಿದೆನೋ. ಅವನು ಹೂಂ ಎನ್ನುತ್ತಿದ್ದ, ಅಷ್ಟೇ.

ದಾಯಾದಿಗಳಾದ್ದರಿಂದ ಅವನ ಮನೆಗೂ ಸೂತಕ ಬಂತು. ಸೂತಕದಲ್ಲಿ ದೇವರ ಸಾಮಾನು ಮುಟ್ಟುವಂತಿಲ್ಲ. ರಂಜಿತ ಹೇಳಿದಂತೆ ಅವನು ಗೊಂಚಲನ್ನು ಕೀಲಿಯಿಂದ ಬಿಚ್ಚಿ ಸೂರಿನ ಗಳಕ್ಕೆ ನೇತುಹಾಕಿದ. ಆ ದಿನಗಳಲ್ಲಿ ಕಾರಿಗೆ ಬಿಡುವಿರಲಿಲ್ಲ. ಬಸರಾಳಿನ ನೆಂಟರಿಗೆ ಹೇಳಿಬರಲು, ಹೊಳಲಿನಿಂದ ಚಲುವಮ್ಮನ ಮಗಳನ್ನು ಕರೆತರಲು, ತಿಥಿಯ ಅಡಿಗೆಗೆ ಮಳವಳ್ಳಿಯಿಂದ ಸಾಮಾನು ತರಲು. ಒಂದು ಸಲವೂ ನಿಲ್ಲಲಿಲ್ಲ.

ಊರಿನವರ ಬಾಯಿಗೆ ಅದು ಸಾಕಾಯಿತು. “ಬಲಿ ಬೇಕಾಗಿತ್ತು ಕಣವ್ವ ಅದ್ಕೆ. ತಕ್ಕಂತು. ಇನ್ನು ನಿಲ್ಲಲ್ಲ ಬುಡು,” ಎಂದು ನೀರು ಹಿಡಿಯುವಲ್ಲಿ ಒಬ್ಬಳು ಅಂದಳು. ಶಿವರಾಮು ಕೇಳಿಸಿಕೊಂಡ. ಆ ಮಧ್ಯಾಹ್ನ ನಮ್ಮ ಜಗಲಿಗೆ ಬಂದು ಕೂತು, “ದೊಡ್ಡವ್ವ, ಅವ್ಳು ಅನ್ನದು ನಿಜಾನಾ?” ಎಂದು ಕೇಳಿದ.

“ಥೂ, ಕಬ್ಬಿಣ ಎಲ್ಲಾರ ಬಲಿ ಕೇಳದಾ? ಸುಮ್ಕಿರು,” ಎಂದೆ.

“ಮತ್ತೆ ಈಗ ಎಂಗ್ ಓಡ್ತದೆ?”

ನಾನು ಎದ್ದು ಒಳಗೆ ಹೋಗಿ ಅವನಿಗೆ ನೀರು ತಂದೆ.

ತಿಥಿ ಮುಗಿಯಿತು. ಮನೆ ಸಾರಿಸಿ, ತಲೆಗೆ ನೀರು ಹಾಕಿಕೊಂಡು ರಂಜಿತ ಗೊಂಚಲನ್ನು ಹುಣಿಸೆಹಣ್ಣಿನಲ್ಲಿ ಉಜ್ಜಿ ತೊಳೆದು, ಅರಿಶಿನ ಕುಂಕುಮ ಇಟ್ಟು ಕೀಲಿಗೆ ಮತ್ತೆ ಹಾಕಿದಳು. ನೆಂಟರನ್ನು ಬಸ್ಸಿಗೆ ಬಿಡಲು ಹೊರಟ ಶಿವರಾಮು ಊರ ಮುಂದಿನ ಹಂಪು ಹಾರಿಸುತ್ತಲೇ ಕಾರು ಟಕ್ ಎಂದು ನಿಂತಿತು.

ನೆಂಟರು ಇಳಿದು ನಡೆದುಕೊಂಡು ಹೋದರಂತೆ. ಅವನು ಹೋಗಲಿಲ್ಲ. ಕೀಲಿ ತೆಗೆದು ಗೊಂಚಲು ಬಿಚ್ಚಿಟ್ಟು ಬರಿ ಕೀಲಿ ಹಾಕಿದ. ಹಂಪಿನ ಮೇಲೆ ಹಿಂದಕ್ಕೂ ಮುಂದಕ್ಕೂ ಹಾರಿಸಿದ. ಓಡಿತು. ಗೊಂಚಲು ಹಾಕಿ ಹಾರಿಸಿದ. ನಿಂತಿತು. ಕೀಲಿಯನ್ನು ಮುಟ್ಟದೆ ಸುಮ್ಮನೆ ಗೊಂಚಲನ್ನು ಅಂಗೈಯಲ್ಲಿ ಎತ್ತಿ ಹಿಡಿದ. ಎದುರಿನ ಬ್ಯಾಟರಿ ಮೀಟರಿನ ಮುಳ್ಳು ಕದಲಿತು. ಬಿಟ್ಟ. ಮುಳ್ಳು ಬಿದ್ದುಹೋಯಿತು. ಅಲ್ಲಿಗೆ ಅವನಿಗೆ ಗೊತ್ತಾಯಿತು.

ನಾಗರಾಜು ಕೀಲಿ ಹಾಕುವ ಸ್ವಿಚ್ಚು ಬಿಚ್ಚಿ ತೋರಿಸಿದನಂತೆ. ಅದರ ಹಳೆಯ ತೂತು ಸವೆದು ಅಗಲವಾಗಿತ್ತು. ಗೊಂಚಲಿನ ಭಾರಕ್ಕೆ ಕೀಲಿ ವಾಲಿದರೆ ಒಳಗಿನ ಹಿತ್ತಾಳೆ ಬಿಲ್ಲೆ ಬಿಟ್ಟುಕೊಳ್ಳುತ್ತಿತ್ತು, ಕರೆಂಟು ಕಾಯಿಲ್ಲಿಗೆ ಹೋಗುತ್ತಲೇ ಇರಲಿಲ್ಲ. ಡಿಕ್ಕಿ ತೆಗೆಯಲು ಕೀಲಿ ಕಿತ್ತು ಮತ್ತೆ ಹಾಕಿದಾಗ ಬಿಲ್ಲೆ ಕೂಡಿಕೊಳ್ಳುತ್ತಿತ್ತು. ಗುಣ ಮಾಡುತ್ತಿದ್ದುದು ಒದ್ದೆ ಬಟ್ಟೆ ಅಲ್ಲ, ಡಿಕ್ಕಿಗೆಂದು ಕೀಲಿ ಕಿತ್ತು ಹಾಕಿದ್ದು. ಕಡೆಯ ದಿನ ನೀರು ಮುಂದೆಯೇ ಇದ್ದುದರಿಂದ ಅವನು ಡಿಕ್ಕಿಗೆ ಹೋಗಲಿಲ್ಲ, ಕೀಲಿ ಕೀಳಲಿಲ್ಲ.

“ನಿಂತಾಗ ಕೀ ಅತ್ರ ಕೆಂಪು ದೀಪ ಉರೀತಿತ್ತೇನ್ಲಾ?” ಎಂದು ನಾಗರಾಜು ಕೇಳಿದ.

“ಆ ದೀಪ ಕೆಟ್ಟು ನಮ್ಮಪ್ಪನ ಕಾಲವೇ ಆಯ್ತಲ್ಲೋ.”

“ಅಯ್ಯೋ, ಅದೊಂದ್ ಮೊದ್ಲೇ ಕೇಳಿದ್ರೆ, ದೀಪ ಉರೀದಿದ್ರೆ ಸ್ವಿಚ್ಚಿಂದೇ ಕರೆಂಟ್ ಬರ್ತಿಲ್ಲ ಅಂತ ತಿಳೀತಿತ್ತು,” ಎಂದು ನಾಗರಾಜು ಹಣೆ ಹಣೆ ಚಚ್ಚಿಕೊಂಡನಂತೆ. ಹೊಸ ಸ್ವಿಚ್ಚನ್ನು ತಾನೇ ತಂದು ಹಾಕಿದ.

ರಂಜಿತಳಿಗೆ ಹೇಳಬಾರದೆಂದು ಶಿವರಾಮು ಬಹಳ ದಿನ ಬಾಯಿ ಕಟ್ಟಿಕೊಂಡಿದ್ದ. ಆದರೆ ಅವಳು ದಿನಾ ಬೆಳಿಗ್ಗೆ ಗೊಂಚಲನ್ನು ಕೀಲಿಗೆ ಹಾಕುವಳು, ಅವನು ತೆಗೆದಿಡುವನು. ಕಡೆಗೊಂದು ದಿನ ಗೋಡೆಯಾಚೆಯಿಂದ ನನಗೆ ಕೇಳಿಸಿತು.

“ದೇವ್ರ ಸಾಮಾನು ಯಾಕ್ ತೆಗೀತೀಯ? ಅಷ್ಟೆಲ್ಲ ಆದ್ಮೇಲೂ ನಿಂಗೆ ಬುದ್ಧಿ ಬರ್ನಿಲ್ವಾ?”

“ರಂಜಿತ, ಬ್ಯಾಡ.”

“ಯಾಕ್ ಬ್ಯಾಡ ಏಳು ಮತ್ತೆ.”

ಅವನು ಹೇಳಿದ. ಸಿಟ್ಟಿನಲ್ಲಿ ಅಲ್ಲ, ಮೆಲ್ಲಗೆ, ಮೊದಲಿಂದ ಕಡೆಯವರೆಗೆ. ಅಳುವಿನ ಸದ್ದು ಕೇಳಲಿಲ್ಲ. ಅವಳು ಅತ್ತಿದ್ದರೆ ಚೆನ್ನಾಗಿತ್ತು ಎನ್ನಿಸಿತು ನನಗೆ. ಮಾರನೆಯ ದಿನ ನನ್ನ ಕಾಲ ಹತ್ತಿರ ಬಂದು ಕೂತಳು. ತಲೆ ಸವರಿದೆ, “ನೀನೇನ್ ಬೇಕಂತ ಮಾಡಿದ್ಯಾ ಮಗಾ,” ಎಂದೆ. ಗಾರ್ಮೆಂಟ್ಸ್ ವ್ಯಾನು ಹಾರನ್ ಮಾಡಿದಾಗ ಎದ್ದು ಹೋದಳು. ಅಲ್ಲಿಂದ ಈಚೆಗೆ ಬೆಟ್ಟಕ್ಕೆ ಹೋಗಿಲ್ಲ. ಮನೆಯಲ್ಲಿ ದೀಪ ಹಚ್ಚುವುದೂ ನಿಂತಿದೆ. ಗಂಡ ಹೆಂಡತಿ ಜಗಳವಾಡುವುದಿಲ್ಲ. ಬೇಕಾದ್ದನ್ನಷ್ಟೇ ಕೇಳುತ್ತಾರೆ, ಕೇಳಿದ್ದಕ್ಕೆ ಹೇಳುತ್ತಾರೆ.

ಕಾರು ಈಗ ಕೀಲಿ ತಿರುಗಿಸಿದರೆ ಹತ್ತಿಕೊಳ್ಳುತ್ತದೆ. ಬ್ಯಾಟರಿ ಸಾಯಬಾರದೆಂದು ವಾರಕ್ಕೊಮ್ಮೆ ನಿಂತಲ್ಲೇ ಸ್ಟಾರ್ಟ್ ಮಾಡಿ ಆರಿಸುತ್ತಾನೆ. ಯಾರನ್ನೂ ಕೂರಿಸುವುದಿಲ್ಲ. ಮೊನ್ನೆ ಬಂಡೂರಿನ ದೊಡ್ಡಸಿದ್ದಯ್ಯ ಹುಡುಕಿಕೊಂಡು ಬಂದಿದ್ದ. ಅವನ ಅವ್ವನಿಗೂ ಮಂಡ್ಯದಲ್ಲಿ ಯಂತ್ರಕ್ಕೆ ಹಾಕಬೇಕು, ಮಲಗಿಸಿಕೊಂಡು ಹೋಗುವಂಥ ಗಾಡಿ ಬೇಕು.

“ಸಿವ್ರಾಮಣ್ಣ, ನಿನ್ ಬುಟ್ರೆ ನಮ್ಗ್ಯಾರವ್ರೆ? ಗಾಡಿ ಸರಿಯಾಯ್ತಂತಲ್ಲ.”

“ಆಯ್ತು ಕಣಪ್ಪ.”

“ಮತ್ತೇನು? ವಾರಕ್ಕೆರಡು ದಿನ. ಅವ್ವ ನಿನ್ ಎಸ್ರೇ ಏಳ್ತವ್ಳೆ.”

ಶಿವರಾಮು ಜೇಬಿನಿಂದ ಫೋನು ತೆಗೆದ. “ನನ್ ಎಸ್ರು ಏಳ್ಬೇಡ ಅನ್ನು. ಮಳವಳ್ಳೀಲಿ ಬ್ಯಾರೆ ಗಾಡಿ ಅವೆ, ನಂಬರ್ ಕೊಡ್ತೀನಿ,” ಎಂದ. ದೊಡ್ಡಸಿದ್ದಯ್ಯ ಪಕ್ಕದಲ್ಲಿದ್ದ ನನ್ನ ಮುಖ ನೋಡಿ, ಹೋದ.

“ಆ ಮುದುಕಿ ಏನ್ ತಪ್ ಮಾಡವ್ಳೆ ಸಿವ್ರಾಮು? ಓಗ್ಬಾರ್ದಾ?” ಎಂದೆ ನಾನು.

“ಗಾಡಿ ಓಡ್ತದೆ ದೊಡ್ಡವ್ವ. ಇಂದ್ಗಡೆ ಸೀಟಲ್ಲಿ ಯಾರಾರ ಮಲಗಿದ್ರೆ ನಂಗೆ ಕೀ ತಿರ್ಗಿಸಕ್ಕೆ ಕೈ ಬರಲ್ಲ. ದೇವ್ರಾಣೆಗೂ ಬರಲ್ಲ.”

ಅಷ್ಟರಲ್ಲಿ ಡೈರಿಗೆ ಹಾಲು ಹಾಕುವ ಹೊತ್ತಾಯಿತು. ರಂಜಿತ ಕರುವನ್ನು ಎಳೆದು ಗೂಟಕ್ಕೆ ಕಟ್ಟಿದಳು. ಅವನು ಹಸುವಿನ ಕೆಚ್ಚಲಿಗೆ ನೀರು ಚಿಮುಕಿಸಿ ಒರೆಸಿ, ಕುಕ್ಕರಗಾಲಲ್ಲಿ ಕೂತು, ಮೊಣಕಾಲ ನಡುವೆ ಕ್ಯಾನು ಸಿಕ್ಕಿಸಿಕೊಂಡು ಹಾಲು ಕರೆಯತೊಡಗಿದ.